ಕಡಗ ಕಳಚಿಡುವ ಗೂಟ

ಬದುಕಿರುವ ಮೊಟ್ಟೆಗಳ ನಡುವಿನಿಂದ ಸತ್ತ ಮೊಟ್ಟೆಯನ್ನು ಹೆಕ್ಕಿ ತೆಗೆಯುವುದೂ ಒಂದು ಉದ್ಯೋಗ ಎಂದರೆ ಆ ಊರಿನಲ್ಲೇ ಅರ್ಧ ಜನ ನಗುತ್ತಿದ್ದರು. ನಗಲಿ ಬಿಡಿ. ಮೊಟ್ಟೆಯಕ್ಕ ಆ ಕೆಲಸವನ್ನು ಮೂವತ್ತೊಂದು ವರ್ಷ ಮಾಡಿದ್ದಳು. ಒಂದು ದಿನವೂ ಬೇಜಾರು ಅಂದವಳಲ್ಲ. ಹುಟ್ಟಿದಾಗ ಇಟ್ಟ ಹೆಸರು ಬೇರೆಯೇ ಇತ್ತು. ಅದು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಮೀನುಮರಿ ಕೇಂದ್ರದ ಕಾವಲುಗಾರನಿಂದ ಹಿಡಿದು ಸ್ವಂತ ನಾದಿನಿಯವರೆಗೆ ಎಲ್ಲರಿಗೂ ಅವಳು ಮೊಟ್ಟೆಯಕ್ಕ. ಗಂಡನಿಗೆ ಮಾತ್ರ "ಏ ಇವಳೇ".

ಮೀನುಮರಿ ಕೇಂದ್ರವೆಂದರೆ ಗುಡ್ಡದ ಬುಡದಲ್ಲಿದ್ದ ಒಂದು ಉದ್ದನೆಯ ತಗ್ಗು ಕಟ್ಟಡ. ಗುಡ್ಡದ ಒರತೆಯ ನೀರು ಪೈಪಿನಲ್ಲಿ ಇಳಿದು ಬಂದು, ಮೊಟ್ಟೆಕೋಣೆಯ ಟ್ರೇಗಳನ್ನು ಹಾದು, ಹಿಂದಿನ ಕೊಳಗಳಿಗೆ ಹೋಗುತ್ತಿತ್ತು. ಮೊಟ್ಟೆಕೋಣೆಯಲ್ಲಿ ಎರಡು ಸಾಲು ಬಿಳಿ ಪ್ಲಾಸ್ಟಿಕ್ ಟ್ರೇಗಳು: ಒಂದು ಕಿಟಕಿ ಸಾಲು, ಇನ್ನೊಂದು ಗೋಡೆ ಸಾಲು. ಸಾಕುತ್ತಿದ್ದದ್ದು ತಣ್ಣೀರಿನ ಮೀನನ್ನು. ಅದರ ಮೊಟ್ಟೆ ಬಟಾಣಿ ಕಾಳಿನಷ್ಟು ದಪ್ಪ, ಕಿತ್ತಳೆ ಬಣ್ಣ. ಆತುರದ ಜಾತಿಯಲ್ಲ. ಹದಿನಾರನೆಯ ದಿನಕ್ಕೆ ಮೊಟ್ಟೆಯೊಳಗೆ ಎರಡು ಕಪ್ಪು ಚುಕ್ಕೆ ಕಾಣುತ್ತವೆ. ಅದಕ್ಕೆ ಅಲ್ಲಿಯವರು ಕಣ್ಣು ಬಿಡುವುದು ಅನ್ನುತ್ತಿದ್ದರು. ಮೂವತ್ತೊಂದನೆಯ ದಿನದ ಹೊತ್ತಿಗೆ ಮರಿ ಹೊರಗೆ ಬರುತ್ತದೆ. ಹೊಟ್ಟೆಗೆ ಬುತ್ತಿ ಕಟ್ಟಿಕೊಂಡೇ ಬರುತ್ತದೆ. ಆ ಹಳದಿ ಚೀಲ ಕರಗುವ ತನಕ ಅದಕ್ಕೆ ಊಟದ ಚಿಂತೆಯಿಲ್ಲ. ಇಷ್ಟು ದಿನಗಳ ನಡುವೆ ಯಾವ ಮೊಟ್ಟೆ ಸತ್ತರೂ ಬೆಳ್ಳಗಾಗುತ್ತದೆ. ಅವತ್ತೇ ತೆಗೆಯದಿದ್ದರೆ ಹತ್ತಿಯಂಥ ಬೂಷ್ಟು ಬೆಳೆದು ಅಕ್ಕಪಕ್ಕದ ನಾಲ್ಕನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಅದಕ್ಕೇ ಮೊಟ್ಟೆಯಕ್ಕ. ರಬ್ಬರ್ ಬುರುಡೆಯ ಗಾಜಿನ ಕೊಳವೆ ಹಿಡಿದು, ಕಿಟಕಿ ಪಕ್ಕದ ಎತ್ತರದ ಕುರ್ಚಿಯಲ್ಲಿ ಕೂತು, ಪಕ್ಕದ ಮೊಟ್ಟೆ ಅಲುಗದ ಹಾಗೆ ಸತ್ತದ್ದನ್ನು ಹೀರಿ ತೆಗೆಯುತ್ತಿದ್ದಳು. ದಿನಕ್ಕೆ ಆರು ಗಂಟೆ. ಆ ಕುರ್ಚಿಯೆಂದರೆ ಅವಳಿಗೆ ಪ್ರಾಣ. ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಅಲ್ಲಿಂದಲೇ ಎದ್ದು ಮನೆಗೆ ಹೋಗಬೇಕು ಎಂಬುದೊಂದೇ ಅವಳ ಆಸೆ.

ಮೊಟ್ಟೆಕೋಣೆಯ ಬಾಗಿಲ ಪಕ್ಕದಲ್ಲಿ ಮರದ ಗೂಟಗಳ ಒಂದು ಸಾಲು ಇತ್ತು. ಹಿಂದೆ ಕೇಂದ್ರ ನೋಡಿಕೊಳ್ಳುತ್ತಿದ್ದ ಹಳೇ ಸಾಹೇಬರು ಹೊಡೆಸಿದ್ದು. ನೀರಿಗೆ ಕೈ ಇಡುವ ಮೊದಲು ಉಂಗುರ, ಕಡಗ, ಕೈಗಡಿಯಾರ, ಏನಿದ್ದರೂ ಗೂಟಕ್ಕೆ ನೇತುಹಾಕಬೇಕು ಎಂಬುದು ಅವರ ಕಟ್ಟಪ್ಪಣೆ. ಮೊಟ್ಟೆಯಕ್ಕನ ಎಡಗೈಯಲ್ಲಿ ಒಂದು ತಾಮ್ರದ ಕಡಗ. ಮದುವೆಯ ಹೊಸದರಲ್ಲಿ ಗಂಡ ಪೈಪಿನ ತುಂಡು ಬಗ್ಗಿಸಿ ತಾನೇ ಮಾಡಿಕೊಟ್ಟದ್ದು. "ಸದ್ಯಕ್ಕೆ ಇದು ಹಾಕ್ಕೊಂಡಿರು, ಚಿನ್ನದ್ದು ಆಮೇಲೆ," ಅಂದಿದ್ದ. ಆ 'ಆಮೇಲೆ' ಇನ್ನೂ ಬಂದಿರಲಿಲ್ಲ, ಅವಳೂ ಕೇಳಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನ ಅದನ್ನು ಕಳಚಲು ಹೇಳಿದಾಗ ಮಾತ್ರ ಅವಳಿಗೆ ಸ್ವಲ್ಪ ಉರಿದಿತ್ತು. "ಯಾಕೆ ಸಾರ್?" ಅಂದಿದ್ದಳು. ಸಾಹೇಬರು ಮಾತಿನಲ್ಲಿ ಭಾರಿ ಜಿಪುಣ. "ಮರಿಗಳಿಗೆ ಆಗಲ್ಲಮ್ಮ," ಎಂದು ಅಷ್ಟಕ್ಕೇ ಬಾಯಿ ಮುಚ್ಚಿದ್ದರು. ಕಡಗ ತಗುಲಿ ಮೊಟ್ಟೆ ಒಡೆದೀತು ಎಂಬ ಭಯವಿರಬೇಕು ಎಂದು ಇವಳು ತಾನೇ ಅರ್ಥ ಮಾಡಿಕೊಂಡಳು. ಸಾಹೇಬರು ಹೋದರು, ನಿಯಮ ಉಳಿಯಿತು. ಮೂವತ್ತೊಂದು ವರ್ಷವೂ ಬೆಳಿಗ್ಗೆ ಕಡಗ ಗೂಟಕ್ಕೆ, ಸಂಜೆ ಕೈಗೆ.

ಇನ್ನು ಗಂಡನ ಸಮಾಚಾರ. ಊರಿನ ಅರ್ಧ ನಲ್ಲಿಗಳನ್ನು ಕೂರಿಸಿದವನೇ ಅವನು; ಎಲ್ಲರೂ ಕೊಳಾಯಿ ಮೇಸ್ತ್ರಿ ಅನ್ನುತ್ತಿದ್ದರು. ಯಾರ ಮನೆಗೆ ಹೋದರೂ ಮೊದಲು ನಲ್ಲಿ ತಿರುಗಿಸಿ ನೋಡುವುದು, ಆಮೇಲೆ ಮನೆಯವರನ್ನು ಮಾತಾಡಿಸುವುದು ಅವನ ಪದ್ಧತಿ. ಕೆಲಸ ಮುಗಿಸಿ ಹೊರಡುವಾಗ ಪ್ರತಿ ಮನೆಯಲ್ಲೂ ಒಂದೇ ಉಪದೇಶ: "ಬೆಳಗಿನ ಮೊದಲ ನೀರು ಒಂದು ಚೊಂಬು ಚೆಲ್ಲಿಬಿಡಿ. ರಾತ್ರಿಯೆಲ್ಲ ಪೈಪಲ್ಲಿ ನಿಂತಿರುತ್ತೆ, ರುಚಿ ಕೆಟ್ಟಿರುತ್ತೆ." ನೀರು ಚೆಲ್ಲು ಎನ್ನುವ ಕೊಳಾಯಿಯವನನ್ನು ನೋಡಿದ್ದು ಇವನೊಬ್ಬನನ್ನೇ ಎಂದು ಜನ ತಮಾಷೆ ಮಾಡುತ್ತಿದ್ದರು.

ಎರಡು ವರ್ಷದ ಹಿಂದೆ ಅವನ ಮಂಡಿ ಕೈಕೊಟ್ಟಿತು. ಸಿಂಕಿನ ಕೆಳಗೆ ನುಗ್ಗುವವನಿಗೆ ಮಂಡಿ ಹೋದರೆ ಉಳಿದದ್ದೇನು? ಬಾಗಿಲ ಬಳಿಯ ಮಂಚದಲ್ಲಿ ಗೋಡೆ ನೋಡುತ್ತಾ ಕೂತುಬಿಟ್ಟ. ಬಾಯಿ ತೆರೆದರೆ ಮುಚ್ಚದ ಮನುಷ್ಯ ದಿನಕ್ಕೆ ನಾಲ್ಕು ಮಾತಿಗೆ ಇಳಿದ. ಅದರಲ್ಲಿ ಎರಡು "ಬೇಡ". ನಡುನಡುವೆ ಎದ್ದು ಅಡುಗೆಮನೆಯ ನಲ್ಲಿ ತಿರುಗಿಸಿ, ಏನೂ ಕೆಟ್ಟಿಲ್ಲವೆಂದು ಬೇಸರಪಟ್ಟು, ಮತ್ತೆ ಬಂದು ಕೂರುತ್ತಿದ್ದ. ಬೈಯುವ ಗಂಡನನ್ನು ಸಂಭಾಳಿಸುವುದು ಮೊಟ್ಟೆಯಕ್ಕನಿಗೆ ಗೊತ್ತಿತ್ತು; ಸುಮ್ಮನಿರುವ ಗಂಡನನ್ನು ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಆ ಮೌನಕ್ಕೆ ಅವಳು ನಿಜವಾಗಿ ಹೆದರಿದ್ದಳು.

ಒಂದು ಸಂಜೆ ತರಕಾರಿ ಹೆಚ್ಚುತ್ತಾ ಏನೋ ಮಾತಿಗೆ ಹೇಳಿದಳು: "ಕಿಟಕಿ ಸಾಲಲ್ಲಿ ನೀರು ತುಂಬ ಮೆತ್ತಗೆ ಹರಿಯುತ್ತೆ ರೀ. ಮೂಲೆಯಲ್ಲಿ ನಿಂತೇಬಿಡುತ್ತೆ. ಮೊಟ್ಟೆಗೂ ಉಸಿರು ಬೇಕಲ್ವಾ, ಮೇಲಿಂದ ಸಣ್ಣಗೆ ಮಳೆ ಥರ ಬಿದ್ರೆ ಚೆನ್ನಾಗಿರ್ತಿತ್ತು."

ಗೋಡೆಯ ಕಡೆ ತಿರುಗಿದ್ದ ಮುಖ ಈ ಕಡೆ ತಿರುಗಿತು. "ಸಾಲು ಎಷ್ಟು ಉದ್ದ?"

ಎಷ್ಟೋ ತಿಂಗಳ ಮೇಲೆ ಅವನು ಕೇಳಿದ ಮೊದಲ ಪ್ರಶ್ನೆ. ಮಾರನೆಯ ದಿನ ಅವಳು ದಾರ ಹಿಡಿದು ಉದ್ದ ಅಳೆದು ತಂದಳು. ಹನ್ನೊಂದು ದಿನ ಮನೆಯ ಹಿಂದೆ ಗರಗಸ, ಅರ, ಡ್ರಿಲ್ಲಿನ ಸದ್ದು. ಜೀವಮಾನವಿಡೀ ಕೂಡಿಟ್ಟ ತುಂಡುಗಳಲ್ಲಿ ಅತ್ಯುತ್ತಮವಾದದ್ದನ್ನೇ ಆರಿಸಿದ್ದ: ತಾಮ್ರದ ಪೈಪು, ಪೈಪು ತಿರುಗುವಲ್ಲಿ ಜೋಡಿಸುವ ಹಿತ್ತಾಳೆಯ ಮೊಣಕೈಗಳು. ಅತಿ ಸಣ್ಣ ಮೊನೆಯಿಂದ ಇನ್ನೂರ ನಲವತ್ತು ತೂತು ಕೊರೆದಿದ್ದ. ಹುಣಸೆಹಣ್ಣು ಹಾಕಿ ತಿಕ್ಕಿ ಕನ್ನಡಿಯಂತೆ ಹೊಳೆಯಿಸಿ, ತಾನೇ ಕುಂಟುತ್ತಾ ಬಂದು ಕಿಟಕಿ ಸಾಲಿನ ಮೇಲೆ ಕೂರಿಸಿದ. ನಲ್ಲಿ ತಿರುಗಿಸಿದರೆ ಆರೂ ಟ್ರೇಗಳ ಮೇಲೆ ಸಣ್ಣ ಸೋನೆ. ಕೇಂದ್ರದ ಮುಖ್ಯಸ್ಥೆಯಾಗಿ ಹೊಸದಾಗಿ ಬಂದಿದ್ದ ಮೇಡಂ ಓಡಿಬಂದು ಫೋಟೊ ತೆಗೆಸಿದರು. ಮೇಡಂ ಒಳ್ಳೆಯವರೇ, ಆದರೆ ಅದಕ್ಕೆ ಮೊದಲು ರಸ್ತೆ ಇಲಾಖೆಯಲ್ಲಿದ್ದವರು; ಡಾಂಬರಿನ ಬಗ್ಗೆ ಅವರಿಗೆ ತಿಳಿಯದ್ದಿರಲಿಲ್ಲ, ಮೀನಿನ ಬಗ್ಗೆ ಕಲಿಯುತ್ತಿದ್ದರು.

ಅವತ್ತಿನಿಂದ ಮೇಸ್ತ್ರಿ ಮೊದಲಿನ ಮೇಸ್ತ್ರಿಯಾದ. ಉಂಡ, ನಕ್ಕ, ಪಕ್ಕದ ಮನೆಯವರ ನಲ್ಲಿಯನ್ನು ಕರೆಯದಿದ್ದರೂ ಹೋಗಿ ಬಯ್ದುಬಂದ. ದಿನಾ ಸಂಜೆ ಅವಳು ಚಪ್ಪಲಿ ಬಿಡುವ ಮೊದಲೇ, "ಹೇಗಿದೆ ನನ್ನ ಮಳೆ?" ಎಂದು ಕೇಳುತ್ತಿದ್ದ. ಆ ಪ್ರಶ್ನೆ ಕಿವಿಗೆ ಬೀಳಲೆಂದೇ ಅವಳು ಬೇಗ ಬೇಗ ಹೆಜ್ಜೆ ಹಾಕಿಕೊಂಡು ಮನೆಗೆ ಬರುತ್ತಿದ್ದಳು.

ಒಳ್ಳೆಯ ಜಾಗ ಸಿಕ್ಕ ಮೇಲೆ ಒಳ್ಳೆಯ ಮೊಟ್ಟೆಯನ್ನೇ ಇಡಬೇಕಲ್ಲ. ಕೊಳದ ದಷ್ಟಪುಷ್ಟ ತಾಯಿಮೀನುಗಳ ಮೊಟ್ಟೆಯೆಲ್ಲ ಮಳೆಯ ಕೆಳಗೆ, ಉಳಿದದ್ದು ಗೋಡೆ ಸಾಲಿಗೆ. ಮೊದಲ ವಾರವೇ ಕಿಟಕಿ ಸಾಲಿನಲ್ಲಿ ಬಿಳಿ ಮೊಟ್ಟೆ ಹೆಚ್ಚಾಯಿತು. ಹದಿನಾರನೆಯ ದಿನ ಕಣ್ಣು ಬಿಡಬೇಕಾದವು ಹತ್ತೊಂಬತ್ತಾದರೂ ಬಿಡಲಿಲ್ಲ. ಗೋಡೆ ಸಾಲಿನ ಸಾಧಾರಣ ಮೊಟ್ಟೆಗಳು ಒಡೆದು ಮರಿಗಳು ಟ್ರೇ ತುಂಬ ಮಿಸುಕುವಾಗ ಇಲ್ಲಿ ಇನ್ನೂ ಸದ್ದಿಲ್ಲ. ಕೊನೆಗೆ ಹೊರಬಂದವನ್ನು ಅವಳು ಭೂತಗನ್ನಡಿ ಹಿಡಿದು ನೋಡಿದಳು. ಎಷ್ಟೋ ಮರಿಗಳ ಬೆನ್ನು ಕೊಕ್ಕೆಯಂತೆ ಬಗ್ಗಿತ್ತು. ಕೆಲವು ಬಾಲವನ್ನಷ್ಟೇ ಹೊರಗೆ ಹಾಕಿ, ತಲೆ ಬಿಡಿಸಿಕೊಳ್ಳಲಾಗದೆ ಅಲ್ಲೇ ಸತ್ತಿದ್ದವು. ಬದುಕಿದವು ಮುಂದಕ್ಕೆ ಈಜಲಾರದೆ ನಿಂತಲ್ಲೇ ಗಿರಗಿರ ಸುತ್ತುತ್ತಿದ್ದವು. ಮೂವತ್ತೊಂದು ವರ್ಷದಲ್ಲಿ ಅಂಥದ್ದನ್ನು ಅವಳು ಅಲ್ಲೊಂದು ಇಲ್ಲೊಂದು ನೋಡಿದ್ದಳೇ ಹೊರತು ಟ್ರೇಗಟ್ಟಲೆ ನೋಡಿರಲಿಲ್ಲ.

ಸುದ್ದಿ ಕೇಳಿ ಮೊದಲು ಬಾಯಿ ಹಾಕಿದ್ದು ನಾದಿನಿ. ಮೇಸ್ತ್ರಿಯ ತಂಗಿಯಾದ ಅವಳು ಅದೇ ಕೇಂದ್ರದ ಪ್ಯಾಕಿಂಗ್ ಶೆಡ್ಡಿನಲ್ಲಿ ಮರಿಗಳನ್ನು ಗಾಳಿ ತುಂಬಿದ ಚೀಲಕ್ಕೆ ಹಾಕಿ ಕಳಿಸುವವರ ಮುಖ್ಯಸ್ಥೆ. ಬಾಯಿಯೂ ಅಷ್ಟೇ ದೊಡ್ಡದು. "ಇನ್ನೇನು, ಆ ಲೇಪದವನದ್ದೇ ಕಿತಾಪತಿ!" ಅಂದಳು. ಗುಡ್ಡದ ಪಕ್ಕದಲ್ಲಿ ಬೀಗ, ಬಕಲ್ಲುಗಳಿಗೆ ಹೊಳಪಿನ ಲೋಹ ಬಳಿಯುವ ಒಂದು ಕಾರ್ಖಾನೆಯಿತ್ತು. "ಲೋಹದ ನೀರು ಮೀನಿನ ಮೊಟ್ಟೆಗೆ ವಿಷ ಅಂತ ನನ್ನ ಮಗಳ ಪುಸ್ತಕದಲ್ಲೇ ಬರೆದಿದೆ. ಮರಿ ಹುಟ್ಟೋ ಮೊದಲೇ ಬೆನ್ನು ಡೊಂಕಾಗುತ್ತಂತೆ, ಎದೆ ನಿಧಾನ ಬಡಿಯುತ್ತಂತೆ. ರಾತ್ರೋರಾತ್ರಿ ನಮ್ಮ ಒರತೆಗೆ ಬಿಡ್ತಿರ್ತಾನೆ ಅವನು!"

ಮೇಡಂ ಒರತೆಯ ಬಾಯಿಂದಲೂ ಗೇಟಿನ ಬಳಿಯ ಪೈಪಿನಿಂದಲೂ ನೀರು ಹಿಡಿಸಿ ಪರೀಕ್ಷೆಗೆ ಕಳಿಸಿದರು. ಲೋಹದ ಸುಳಿವೇ ಇಲ್ಲ ಎಂದು ವರದಿ ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗಿತ್ತು ಅಷ್ಟೇ. ಕಾರ್ಖಾನೆಯವನು ಒಂದು ವಾರ ಎದೆ ಸೆಟೆಸಿಕೊಂಡು ಓಡಾಡಿದ. ಊರ ಕೆಳಗಿನ ಹೊಳೆಗೆ ಅವನು ಬಿಡುತ್ತಿದ್ದ ನೀರು ಅಷ್ಟೇನೂ ಪರಿಶುದ್ಧವಲ್ಲ, ಆದರೆ ಈ ತಪ್ಪು ಅವನದ್ದಲ್ಲ ಎಂಬುದಂತೂ ನಿಜ.

ನೀರು ಸರಿಯಿದ್ದರೆ ಉಳಿದದ್ದು ಕೈ ಮತ್ತು ಕಣ್ಣು. ಮೇಡಂ ಅವಳನ್ನು ಕರೆಸಿ ಕೂರಿಸಿ, ಮೆಲ್ಲಗೆ ಹೇಳಿದರು. "ಬೇಜಾರು ಮಾಡ್ಕೋಬೇಡಿ. ವಯಸ್ಸಾದ ಮೇಲೆ ಕೈ ನಡುಗೋದು, ಕಣ್ಣು ಮಂಜಾಗೋದು ಎಲ್ಲರಿಗೂ ಇದ್ದದ್ದೇ. ಮುಂದಿನ ತಂಡದ ಮೊಟ್ಟೆಗಳೂ ಹೀಗೇ ಆದ್ರೆ ಆ ಕುರ್ಚಿಗೆ ಬೇರೆಯವರನ್ನ ಹಾಕ್ತೀನಿ. ನೀವು ಪ್ಯಾಕಿಂಗ್ ಶೆಡ್ಡಿಗೆ ಹೋಗಿ. ಅಲ್ಲಿ ನಿಮ್ಮ ನಾದಿನಿನೇ ಇದ್ದಾರಲ್ಲ."

ಇದ್ದಾಳೆ ಎಂಬುದೇ ತಾನೇ ಕಷ್ಟ! ನಾದಿನಿಯ ಕೈಕೆಳಗೆ ಎರಡು ವರ್ಷ! ಮೊಟ್ಟೆಯಕ್ಕ ಎದ್ದು ಬಂದಳು. ಮನೆಯಲ್ಲಿ ಗಂಡ, "ಹೇಗಿದೆ ನನ್ನ ಮಳೆ?" ಎಂದಾಗ, "ಚೆನ್ನಾಗಿದೆ," ಅಂದಳು. ಮಳೆ ಚೆನ್ನಾಗಿಯೇ ಇತ್ತು, ತನ್ನ ಕಣ್ಣೇ ಸರಿಯಿಲ್ಲ ಎಂದು ಅವಳೂ ಅರ್ಧ ನಂಬಿದ್ದಳು.

ನಿಜ ತಿಳಿದದ್ದು ಒಂದು ಸೋಮವಾರ ಬೆಳಿಗ್ಗೆ, ಎಂಟು ಗಂಟೆಗೆ, ಗೂಟದ ಮುಂದೆ. ಎಂದಿನಂತೆ ಕಡಗ ಕಳಚಿದಳು. ಕಡಗವಿದ್ದ ಜಾಗದಲ್ಲಿ, ಬೆವರಿನ ದಿನಗಳಲ್ಲಿ ಆಗುವಂತೆ, ಮಣಿಕಟ್ಟಿನ ಸುತ್ತ ಒಂದು ಹಸಿರು ಗೆರೆ. ಹೆಬ್ಬೆರಳಿನಿಂದ ಒರೆಸಿಕೊಂಡು ಒಳಗೆ ಹೋಗಿ ಸ್ಪಂಜು ಕೈಗೆತ್ತಿಕೊಂಡಳು. ಕಿಟಕಿ ಸಾಲಿನ ಬಿಳಿ ಟ್ರೇಗಳ ಅಂಚಿನಲ್ಲಿ, ಹನಿ ಬೀಳುವ ಕಡೆ, ದಿನಾ ಒಂದು ಹಸಿರು ಕಲೆ ಕೂರುತ್ತಿತ್ತು. ಬಿಸಿಲು ಬೀಳುವ ಕಡೆ ಪಾಚಿ ಕಟ್ಟುವುದು ಸಹಜ ಎಂದು ಎರಡು ತಿಂಗಳಿಂದ ದಿನಾ ಒರೆಸಿ ಹಾಕುತ್ತಿದ್ದಳು. ಅವತ್ತು ಒರೆಸುವ ಕೈ ನಿಂತಿತು. ಪಾಚಿಯಾದರೆ ಜಾರಬೇಕು. ಇದು ಬೆರಳಿಗೆ ಸೀಮೆಸುಣ್ಣದ ಪುಡಿಯಂತೆ ಹತ್ತಿತು. ಬಣ್ಣವೂ ಎಲೆ ಹಸಿರಲ್ಲ, ನೀಲಿ ಮಿಶ್ರಿತ ಹಸಿರು. ಮಣಿಕಟ್ಟನ್ನು ಟ್ರೇಯ ಅಂಚಿನ ಪಕ್ಕಕ್ಕೆ ಹಿಡಿದು ನೋಡಿದಳು. ಎರಡೂ ಒಂದೇ.

ತಲೆಯೆತ್ತಿದರೆ ಮೇಲೆ ಮಳೆ ಹೊಳೆಯುತ್ತಾ ಸುರಿಯುತ್ತಿತ್ತು. ಮರಿಗಳಿಗೆ ಆಗಲ್ಲಮ್ಮ ಎಂದ ಸಾಹೇಬರ ಮಾತು ಆಗ ಅರ್ಥವಾಯಿತು. ಕಡಗ ತಗುಲೀತೆಂದು ಅವರು ಹೆದರಿದ್ದಲ್ಲ, ತಾಮ್ರ ಕರಗೀತೆಂದು ಹೆದರಿದ್ದು. ಬೆರಳಗಲದ ತಾಮ್ರವನ್ನು ಮೂವತ್ತೊಂದು ವರ್ಷ ಗೂಟಕ್ಕೆ ನೇತುಹಾಕಿ, ಇಪ್ಪತ್ತಡಿ ತಾಮ್ರವನ್ನು ಅವಳೇ ಮೊಟ್ಟೆಗಳ ತಲೆಯ ಮೇಲೆ ತಂದು ಕಟ್ಟಿಸಿದ್ದಳು. ನೀರು ಪರೀಕ್ಷೆಗೆ ಹಿಡಿದದ್ದು ಒರತೆಯಲ್ಲಿ, ಗೇಟಿನಲ್ಲಿ. ಟ್ರೇಯಲ್ಲಿ ಯಾರೂ ಹಿಡಿದಿರಲಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಅನ್ನುವುದು ಇದಕ್ಕೇ.

ಒಂದು ಕ್ಷಣ ಖುಷಿಯಾಯಿತು ಅವಳಿಗೆ, ಸುಳ್ಳೇಕೆ ಹೇಳಬೇಕು. ಕಣ್ಣು ಸರಿಯಿದೆ, ಕೈ ಸರಿಯಿದೆ, ಕುರ್ಚಿ ಉಳಿಯಿತು. ಮರುಕ್ಷಣ ಮಂಚದ ಮೇಲೆ ಗೋಡೆ ನೋಡುತ್ತಾ ಕೂತ ಗಂಡ ಕಣ್ಮುಂದೆ ಬಂದ. ಬಾಯಿ ಬಿಟ್ಟರೆ ಕುರ್ಚಿ ತನ್ನದು, ಮೌನ ಅವನದು. ನಿನ್ನ ಕೈಕೆಲಸದಿಂದ ಸಾವಿರಗಟ್ಟಲೆ ಮರಿ ಸತ್ತವು ಎಂದು ಅವನಿಗೆ ಯಾವ ಬಾಯಲ್ಲಿ ಹೇಳುವುದು? ಹೇಳದಿದ್ದರೆ ಮೊಟ್ಟೆಗಳ ಗತಿ? ಬಿಸಿ ತುಪ್ಪ ಬಾಯಿಗೆ ಬಿದ್ದಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಬುದ್ಧಿವಂತೆ ಅವಳು. ಮೊದಲು ಗಟ್ಟಿ ಮಾಡಿಕೊಳ್ಳೋಣ, ಆಮೇಲೆ ಹೇಳೋಣ ಎಂದುಕೊಂಡಳು. ಹೇಳುವುದನ್ನು ಒಂದು ತಿಂಗಳು ಮುಂದೂಡುವುದಕ್ಕೂ ಅದೊಂದು ನೆಪವಾಗಿತ್ತು, ಅದೂ ಅವಳಿಗೆ ಗೊತ್ತಿತ್ತು. ಹೊಸ ತಂಡದ ಮೊಟ್ಟೆಯೆಲ್ಲವನ್ನೂ, ಟ್ರೇ ತೊಳೆಯಬೇಕೆಂಬ ನೆವ ಹೇಳಿ, ಗೋಡೆ ಸಾಲಿನಲ್ಲೇ ಒತ್ತೊತ್ತಾಗಿ ಇಟ್ಟಳು. ಒಂದೇ ತಾಯಿಯ ನೂರು ಮೊಟ್ಟೆ ಮಾತ್ರ ಬೇರೆ ಎಣಿಸಿ ಐವತ್ತನ್ನು ಗೋಡೆಗೂ ಐವತ್ತನ್ನು ಮಳೆಗೂ ಹಂಚಿದಳು. ಗೊತ್ತಿದ್ದೂ ಆ ಐವತ್ತನ್ನು ಮಳೆಯ ಕೆಳಗಿಡುವಾಗ ಕೈ ನಡುಗಿತು. ಮೇಡಂ ನೋಡಿದ್ದರೆ, ನಾನು ಹೇಳಲಿಲ್ಲವೇ ಅನ್ನುತ್ತಿದ್ದರು.

ಗೋಡೆ ಸಾಲಿನ ಐವತ್ತರಲ್ಲಿ ನಲವತ್ತಾರು ಹದಿನಾರಕ್ಕೆ ಸರಿಯಾಗಿ ಕಣ್ಣು ಬಿಟ್ಟು ಮೂವತ್ತೊಂದಕ್ಕೆ ಹೊರಬಂದವು. ಮಳೆಯ ಕೆಳಗಿನವು ಮೂವತ್ತಾರು ದಿನ ತೆಗೆದುಕೊಂಡವು. ಹೊರಬಂದದ್ದು ಇಪ್ಪತ್ತು, ಬೆನ್ನು ನೆಟ್ಟಗಿದ್ದದ್ದು ಮೂರು. ಮರಿಯ ಮೈ ಗಾಜಿನಂತೆ. ಭೂತಗನ್ನಡಿಯಲ್ಲಿ ನೋಡಿದರೆ ಕೆಂಪು ಚುಕ್ಕೆಯಂಥ ಎದೆ ಬಡಿಯುವುದು ಕಾಣುತ್ತದೆ. ಗೋಡೆ ಗಡಿಯಾರ ನೋಡುತ್ತಾ ಎಣಿಸಿದಳು. ಗೋಡೆ ಸಾಲಿನದ್ದು ನಿಮಿಷಕ್ಕೆ ಎಪ್ಪತ್ತು. ಮಳೆಯದ್ದು ನಲವತ್ತೆಂಟು. ನಾದಿನಿಯ ಮಗಳ ಪುಸ್ತಕ ಸುಳ್ಳು ಹೇಳಿರಲಿಲ್ಲ.

ಅವತ್ತು ಸಂಜೆ ಎರಡು ಗಾಜಿನ ಲೋಟಕ್ಕೆ ಒಂದೊಂದು ಮರಿ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಊಟದ ಚೀಲದಲ್ಲಿಟ್ಟುಕೊಂಡು ಮನೆಗೆ ಬಂದಳು.

"ಹೇಗಿದೆ ನನ್ನ ಮಳೆ?"

ಅವಳು ಲೋಟಗಳನ್ನು ಮೇಜಿನ ಮೇಲಿಟ್ಟು, ದೀಪ ಹತ್ತಿರಕ್ಕೆಳೆದು, ಭೂತಗನ್ನಡಿ ಅವನ ಕೈಗೆ ಕೊಟ್ಟಳು. "ಇದು ಗೋಡೆ ಸಾಲಿಂದು. ಇದು ನಿಮ್ಮ ಮಳೆಯ ಕೆಳಗಿಂದು. ಒಂದೇ ತಾಯಿ ಹೆತ್ತದ್ದು."

ಮೇಸ್ತ್ರಿ ಮೊದಲನೆಯದನ್ನು ನೋಡಿದ. ಎರಡನೆಯದನ್ನು ತುಂಬ ಹೊತ್ತು ನೋಡಿದ. ಡೊಂಕು ಬೆನ್ನಿನ ಮರಿ ಲೋಟದ ತಳದಲ್ಲಿ ಗಿರಗಿರ ಸುತ್ತುತ್ತಿತ್ತು. "ಎಷ್ಟು?" ಅಂದ.

"ಮೊದಲ ತಂಡದಲ್ಲಿ ತುಂಬ ಹೋದವು ರೀ." ಲೆಕ್ಕ ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಮಣಿಕಟ್ಟಿನ ಹಸಿರು ಗೆರೆ ತೋರಿಸಿ, "ಟ್ರೇಯಲ್ಲೂ ಇದೇ ಕೂತಿತ್ತು. ಪಾಚಿ ಅಂದ್ಕೊಂಡು ನಾನೇ ದಿನಾ ಒರೆಸ್ತಿದ್ದೆ," ಅಂದಳು.

ಅವನು ಅವಳ ಕೈ ಹಿಡಿದು ಗೆರೆಯ ಮೇಲೆ ಬೆರಳಾಡಿಸಿದ. "ಗುಡ್ಡದ ನೀರು ಮೆದು," ಎಂದ ಮೆಲ್ಲಗೆ. "ಗಡಸು ನೀರಾದ್ರೆ ಪೈಪಿನ ಒಳಗೆ ಸುಣ್ಣ ಕಟ್ಟುತ್ತೆ, ತಾಮ್ರಕ್ಕೆ ಅಂಗಿ ಹಾಕಿದ ಹಾಗೆ. ಮೆದು ನೀರು ತಾಮ್ರನ ನೆಕ್ಕುತ್ತೆ. ಇದು ನಂಗೆ ಗೊತ್ತಿತ್ತು ಕಣೇ! ಮೂವತ್ತು ವರ್ಷ ಊರಿಗೆಲ್ಲ ಮೊದಲ ನೀರು ಚೆಲ್ಲಿ, ಮೊದಲ ನೀರು ಚೆಲ್ಲಿ ಅಂತ ಹೇಳ್ಕೊಂಡು ಬಂದವನು ನಾನು. ನಮಗೆ ಬರೀ ರುಚಿ ಕೆಡುತ್ತೆ. ಇಷ್ಟು ಸಣ್ಣ ಜೀವಕ್ಕೆ ಏನಾಗುತ್ತೆ ಅಂತ ಯೋಚನೆನೇ ಮಾಡ್ಲಿಲ್ಲವಲ್ಲ."

ಆಮೇಲೆ ಮಾತಿಲ್ಲ. ಊಟಕ್ಕೆ ಕರೆದರೆ "ಬೇಡ". ಮಂಚದಲ್ಲಿ ಗೋಡೆಯ ಕಡೆ ತಿರುಗಿ ಮಲಗಿದ. ಮೊಟ್ಟೆಯಕ್ಕ ಲೋಟಗಳ ಮುಂದೆ ಕೂತು, ಹೇಳಬಾರದಿತ್ತು, ಹೇಳದೆ ಇರುವುದಕ್ಕೂ ಆಗುತ್ತಿರಲಿಲ್ಲ ಎಂದು ಒಳಗೊಳಗೇ ಅತ್ತಳು.

ಬೆಳಿಗ್ಗೆ ಎದ್ದರೆ ಮಂಚ ಖಾಲಿ. ಬಾಗಿಲ ಹಿಂದೆ ತೂಗುತ್ತಿದ್ದ ಸ್ಪ್ಯಾನರ್ ಚೀಲವೂ ಇಲ್ಲ. ತಲೆ ಬಾಚಿಕೊಳ್ಳದೆ ಕೇಂದ್ರಕ್ಕೆ ಓಡಿದಳು. ಮೊಟ್ಟೆಕೋಣೆಯ ಕಿಟಕಿ ಸಾಲಿನ ಮೇಲೆ ಬರೀ ಗೋಡೆ. ಮಳೆ ಆರು ತುಂಡಾಗಿ ಅಂಗಳದಲ್ಲಿ ಮಲಗಿತ್ತು. ಮೇಡಂ ಕೋಣೆಯಿಂದ ಗಂಡನ ದನಿ ಕೇಳುತ್ತಿತ್ತು. ಎರಡು ವರ್ಷದ ಹಿಂದಿನ ಅದೇ ಗಟ್ಟಿ ದನಿ.

"ಅವಳ ಕಣ್ಣಿಗೂ ಏನೂ ಆಗಿಲ್ಲ, ಕೈಗೂ ಏನೂ ಆಗಿಲ್ಲ ಮೇಡಂ. ನಾನು ಕಟ್ಟಿದ ಪೈಪು ನೀರಿಗೆ ತಾಮ್ರ ಬಿಡ್ತಿತ್ತು. ನಂಬಿಕೆ ಇಲ್ದಿದ್ರೆ ಟ್ರೇ ನೀರು ಪರೀಕ್ಷೆ ಮಾಡಿಸಿ, ಇಗೋ ಬಿಚ್ಚೋ ಮೊದಲೇ ಬಾಟಲಿಯಲ್ಲಿ ಹಿಡಿದಿಟ್ಟಿದ್ದೀನಿ. ತಪ್ಪು ಪೂರ್ತಿ ನಂದು. ಆ ಕುರ್ಚಿಯಿಂದ ಅವಳನ್ನ ಎಬ್ಬಿಸಿದ್ರೆ ಮಾತ್ರ ನಾನು ಇಲ್ಲೇ ಗೇಟಿನ ಮುಂದೆ ಕೂರ್ತೀನಿ. ಮಂಡಿ ಹೋಗಿದೆ, ಕೂತ್ರೆ ಏಳಲ್ಲ, ನೋಡ್ಕೊಳಿ!"

ಮೇಡಂ ನಗು ತಡೆದುಕೊಳ್ಳಲಾರದೆ ಹೋದರು. ಫೋಟೊ ತೆಗೆಸಿದ್ದು ತಾನೇ ಎಂಬುದು ಅವರಿಗೂ ನೆನಪಿತ್ತು. ಬಾಟಲಿಯ ನೀರಿನ ವರದಿ ವಾರದಲ್ಲೇ ಬಂತು. ಮೇಸ್ತ್ರಿ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಕುರ್ಚಿಯ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಬದಲಿಗೆ ಗೂಟಗಳ ಮೇಲೆ ಒಂದು ಫಲಕ ಬರೆಸಿ ಹಾಕಿದರು: ಲೋಹ ಒಳಗೆ ಬೇಡ, ಯಾಕೆ ಬೇಡ ಎಂಬುದೂ ಅದರಲ್ಲೇ ನಾಲ್ಕು ಸಾಲು. ಹಳೇ ಸಾಹೇಬರು ಈ ನಾಲ್ಕು ಸಾಲನ್ನು ಆಗಲೇ ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತೋ!

ಮೇಸ್ತ್ರಿ ಗೋಡೆಯ ಕಡೆ ಮತ್ತೆ ತಿರುಗಿ ಕೂರಲಿಲ್ಲ. ಪುರುಸೊತ್ತೇ ಇರಲಿಲ್ಲ. ಒಂದು ತಿಂಗಳು ಕೇಂದ್ರದಲ್ಲಿ ಲೋಹದ ಬೇಟೆಗಿಳಿದ. ಹಿತ್ತಾಳೆಯ ಒಂದು ವಾಲ್ವು, ಸತುವಿನ ಲೇಪದ ಎರಡು ಬಕೆಟ್ಟು, ಪ್ಯಾಕಿಂಗ್ ಶೆಡ್ಡಿನಲ್ಲಿ ತಂಗಿ ಮರಿಗಳನ್ನು ತೊಳೆಯುತ್ತಿದ್ದ ಹಳೆಯ ತಗಡಿನ ತೊಟ್ಟಿ, ಎಲ್ಲ ಹೊರಗೆ. "ಮನೆಯಲ್ಲೇ ಕಾಟ ಸಾಲದು ಅಂತ ಇಲ್ಲಿಗೂ ಬಂದ," ಎಂದು ನಾದಿನಿ ಗೊಣಗಿದಳು. ಗೊಣಗಿದರೂ ತೊಟ್ಟಿ ಹೊರಲು ಒಂದು ಕೈ ಕೊಟ್ಟಳು. ಪ್ಲಾಸ್ಟಿಕ್ ಪೈಪಿಗೆ ಕಾಯಿಸಿದ ಸೂಜಿಯಿಂದ ತೂತು ಹಾಕಿ ಮೇಸ್ತ್ರಿ ಇನ್ನೊಂದು ಮಳೆ ಮಾಡಿದ. ನೋಡಲು ಅದು ಮಹಾ ಕುರೂಪಿ, ಬೂದು ಬಣ್ಣ, ನಡುವೆ ಸ್ವಲ್ಪ ಜೋತುಬಿದ್ದಿತ್ತು. ಫೋಟೊ ತೆಗೆಯಲು ಯಾರೂ ಬರಲಿಲ್ಲ.

ತಾಮ್ರದ ಮಳೆ ಅವರ ಬಚ್ಚಲಮನೆ ಸೇರಿತು. ಮೇಸ್ತ್ರಿ ಅದರ ಕೆಳಗೆ ಅರ್ಧ ಗಂಟೆ ನಿಂತು ಸ್ನಾನ ಮಾಡುತ್ತಿದ್ದ, ಗಂಟಲು ಹರಿಯುವಂತೆ ಹಾಡುತ್ತಾ. "ನಮ್ಮಣ್ಣನ ಬೆನ್ನಂತೂ ಇದ್ದ ಹಾಗೇ ಇದೆ, ಸ್ವರ ಮಾತ್ರ ಡೊಂಕಾಯ್ತು," ಎಂದು ನಾದಿನಿ ಬೀದಿಗೆಲ್ಲ ಕೇಳುವಂತೆ ಹೇಳಿದಳು.

ಹೊಸ ಮಳೆಯ ಕೆಳಗಿನ ಮೊದಲ ತಂಡ ಹದಿನಾರಕ್ಕೆ ಕಣ್ಣು ಬಿಟ್ಟಿತು. ಮೂವತ್ತೊಂದನೆಯ ದಿನ ಬೆಳಿಗ್ಗೆ ಮೊಟ್ಟೆಯಕ್ಕ ಕಡಗ ಗೂಟಕ್ಕೆ ಹಾಕಿ ಒಳಗೆ ಹೋದಳು. ಕಿಟಕಿ ಸಾಲಿನ ಆರೂ ಟ್ರೇಗಳಲ್ಲಿ ಮರಿಗಳು ಹೊಟ್ಟೆಯ ಬುತ್ತಿ ಹೊತ್ತು ಮಿಸುಕುತ್ತಿದ್ದವು. ಬೆನ್ನುಗಳನ್ನು ಒಂದೊಂದಾಗಿ ನೋಡಿದಳು. ನೆಟ್ಟಗೆ, ನೆಟ್ಟಗೆ, ನೆಟ್ಟಗೆ. ಒಂದು ಎದೆ ಎಣಿಸಿದಳು: ಎಪ್ಪತ್ತೊಂದು. ಖುಷಿಗೆ ಕಣ್ಣು ಮಂಜಾಯಿತು. ಈ ಸಲ ಮಂಜಾದದ್ದು ನಿಜ. ಕಾವಲುಗಾರನ ಕೈಯಲ್ಲಿ ಗಂಡನಿಗೆ ಹೇಳಿಕಳಿಸಿದಳು.

ಮೇಸ್ತ್ರಿ ಕುಂಟುತ್ತಾ ಬಂದ. ಅವಸರದಲ್ಲಿ ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡಿದ್ದ. ಒಳಗಿಂದ ಹೆಂಡತಿ ಬಾ ಬಾ ಎಂದು ಕೈ ಮಾಡಿದರೂ ಹೊಸ್ತಿಲಲ್ಲೇ ನಿಂತ. ಯಾರೂ ಹೇಳದೆಯೇ ಕೈಗಡಿಯಾರ ಬಿಚ್ಚಿ, ಅವಳ ಕಡಗದ ಪಕ್ಕದ ಗೂಟಕ್ಕೆ ನೇತುಹಾಕಿದ. ಆಮೇಲೆ ಅಂಗಿಯ ತೋಳು ಮಡಚಿಕೊಂಡು ಒಳಗೆ ಬಂದು, "ಈಗ ತೋರಿಸು," ಅಂದ.